ರಾತ್ರಿ ಎರಡರ ನಿದ್ದೆಯನ್ನು ಹನ್ನೊಂದಕ್ಕೆ ತರುವುದು ಹೇಗೆ?

"ಹತ್ತು ಗಂಟೆಗೇ ದೀಪ ಆರಿಸಿ ಮಲಗ್ತೀನಿ, ಒಂದೂವರೆ ಆದ್ರೂ ಕಣ್ಣಿಗೆ ನಿದ್ದೆ ಹತ್ತಲ್ಲ. ಏನು ಮಾಡಲಿ?"

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಪಿಯುಸಿ ಮಕ್ಕಳ ತಾಯಂದಿರಿದ್ದಾರೆ, ಹೊಸದಾಗಿ ಬೆಳಗಿನ ಪಾಳಿಗೆ ಬಂದ ನೌಕರರಿದ್ದಾರೆ, ಕೋಳಿ ಕೂಗುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕುವ ಮನೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದಾರೆ. ಬಹುತೇಕ ಎಲ್ಲರೂ ಮಾಡುವ ತಪ್ಪು ಒಂದೇ. ಮಲಗುವ ಹೊತ್ತನ್ನು ಹಿಡಿದು ಎಳೆಯುತ್ತಾರೆ. ಆ ತುದಿಯಿಂದ ಎಳೆದರೆ ನಿದ್ದೆ ಜಗ್ಗುವುದಿಲ್ಲ. ಏಳುವ ತುದಿಯನ್ನು ಹಿಡಿಯಬೇಕು, ಅದನ್ನು ಎಳೆಯುವ ಹಗ್ಗ ಬೆಳಕು. ಮೂರು ವಾರ ಬಿಡದೆ ಮಾಡಿದರೆ ಹೆಚ್ಚಿನವರಿಗೆ ಒಂದೂವರೆಯಿಂದ ಎರಡು ಗಂಟೆ ಹಿಂದಕ್ಕೆ ತರಲು ಆಗುತ್ತದೆ.

ಶುರು ಮಾಡುವ ಮುನ್ನ: ಒಳಗೆ ನಡೆಯುವುದು ಏನು

ಮಿದುಳಿನ ಬುಡದಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಮುಖ್ಯ ಗಡಿಯಾರ ಅದು. ಯಾವಾಗ ಮೈ ಬಿಸಿಯಾಗಬೇಕು, ಯಾವಾಗ ತಣ್ಣಗಾಗಬೇಕು, ರಾತ್ರಿಯಾಯಿತೆಂದು ಸಾರುವ ಮೆಲಟೋನಿನ್ ಎಂಬ ಹಾರ್ಮೋನು ಯಾವಾಗ ರಕ್ತಕ್ಕೆ ಇಳಿಯಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ಆದರೆ ಈ ಗಡಿಯಾರದ ಒಂದು ಸುತ್ತು ಸರಿಯಾಗಿ 24 ಗಂಟೆಯಲ್ಲ, ಸರಾಸರಿ ಹತ್ತು ಹನ್ನೆರಡು ನಿಮಿಷ ಜಾಸ್ತಿ. ಅಂದರೆ ಬೆಳಕಿನಿಂದ ದಿನಾ ತಿದ್ದದೆ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರ ನಿದ್ದೆ ತನ್ನಷ್ಟಕ್ಕೆ ಮುಂದೆ ಮುಂದೆ ಜಾರುತ್ತದೆ. ಸುತ್ತು ಉದ್ದವಿರುವವರು ಹೆಚ್ಚು ಜಾರುತ್ತಾರೆ, ಅವರೇ ರಾತ್ರಿಯವರು. ಸುತ್ತು ಗಿಡ್ಡವಿರುವವರು ಬೆಳಗಿನವರು.

ಇದು ಬರೀ ಅಭ್ಯಾಸದ ಮಾತಲ್ಲ, ಹುಟ್ಟಿನಿಂದಲೂ ಬರುತ್ತದೆ. ಈ ಗಡಿಯಾರವನ್ನು ಓಡಿಸುವ ವಂಶವಾಹಿಗಳ ಕೆಲಸವನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಗೂಡಿನಿಂದ ಬೆಳಗ್ಗೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಬೇರೆಬೇರೆಯಾಗಿ ಆರಿಸಿ ತಲೆಮಾರುಗಟ್ಟಲೆ ಸಾಕಿದರು. ಬೆಳಗಿನ ತಳಿಯ ಗಡಿಯಾರದ ಸುತ್ತು ಗಿಡ್ಡವಾಯಿತು, ಸಂಜೆಯ ತಳಿಯದು ಉದ್ದವಾಯಿತು. ಮನುಷ್ಯರಲ್ಲಿ ಸುಮಾರು ಏಳು ಲಕ್ಷ ಜನರ ವಂಶವಾಹಿಗಳನ್ನು ನೋಡಿದ 2019ರ ಅಧ್ಯಯನದಲ್ಲಿ, ಬೇಗ ಏಳುವ ಸ್ವಭಾವಕ್ಕೆ ಸಂಬಂಧಿಸಿದ 351 ತಾಣಗಳು ಸಿಕ್ಕವು. ಹಾಗಾಗಿ ತಡವಾಗಿ ಏಳುವವರನ್ನು ಸೂರ್ಯವಂಶದವರು ಅಂತಲೋ ಸೋಮಾರಿ ಅಂತಲೋ ಕರೆಯುವುದನ್ನು ದಯವಿಟ್ಟು ಬಿಡಿ. ಅದು ಅನ್ಯಾಯ. ಬೈಗುಳದಿಂದ ಗಡಿಯಾರ ಒಂದು ನಿಮಿಷವೂ ಸರಿಯುವುದಿಲ್ಲ.

ಇನ್ನೆರಡು ವಿಷಯ ಗೊತ್ತಿದ್ದರೆ ಮುಂದಿನ ಹಂತಗಳೆಲ್ಲ ಸಲೀಸು.

ಮೊದಲನೆಯದು ನಿದ್ದೆಯ ನಿಷಿದ್ಧ ವಲಯ. ನೀವು ದಿನವೂ ನಿದ್ದೆ ಹೋಗುವ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ ಗಡಿಯಾರ ನಿಮ್ಮನ್ನು ಅತಿ ಹೆಚ್ಚು ಎಚ್ಚರವಾಗಿಡುತ್ತದೆ. ಎರಡಕ್ಕೆ ನಿದ್ದೆ ಹೋಗುವವರಿಗೆ ಹನ್ನೊಂದರಿಂದ ಒಂದರವರೆಗಿನ ಹೊತ್ತು ಇದೇ. ಇಡೀ ದಿನ ಸುಸ್ತಾಗಿದ್ದವರಿಗೂ ರಾತ್ರಿ ಹನ್ನೊಂದಕ್ಕೆ ಹೊಸ ಹುರುಪು ಬರುವುದು ಇದರಿಂದ. ಆ ಹೊತ್ತಿನಲ್ಲಿ ಹಾಸಿಗೆಗೆ ಹೋದರೆ ಮಗ್ಗುಲು ಬದಲಿಸುವುದೇ ಕೆಲಸ.

ಎರಡನೆಯದು ತಿರುವಿನ ಹೊತ್ತು. ಅಲಾರಂ ಇಲ್ಲದೆ ಏಳುವ ಸಮಯಕ್ಕಿಂತ ಸುಮಾರು ಎರಡು ಮೂರು ಗಂಟೆ ಮೊದಲು ಮೈಯ ಬಿಸಿ ಅತಿ ಕಡಿಮೆ ಮಟ್ಟಕ್ಕೆ ಇಳಿದು ಮತ್ತೆ ಏರತೊಡಗುತ್ತದೆ. ಈ ತಿರುವಿನ ನಂತರ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ, ಅಂದರೆ ಬೇಗ ಮಲಗುವ ಕಡೆಗೆ ಎಳೆಯುತ್ತದೆ. ತಿರುವಿಗೆ ಮೊದಲು ಬಿದ್ದ ಬೆಳಕು ಮುಂದಕ್ಕೆ, ಇನ್ನೂ ತಡವಾಗಿ ಮಲಗುವ ಕಡೆಗೆ ತಳ್ಳುತ್ತದೆ. ಹತ್ತಕ್ಕೆ ಏಳುವವರು "ನಾಳೆಯಿಂದ ಶಿಸ್ತು" ಅಂತ ಒಮ್ಮೆಲೇ ಆರಕ್ಕೆ ಎದ್ದು ಬಿಸಿಲಿನಲ್ಲಿ ಒಂದು ಗಂಟೆ ನಡೆದರೆ ಎಡವುವುದು ಇಲ್ಲಿಯೇ. ಅವರ ತಿರುವು ಏಳೂವರೆಯ ಆಸುಪಾಸಿನಲ್ಲಿದೆ. ಆರರ ಬೆಳಕು ಅವರ ದೇಹಕ್ಕೆ ನಡುರಾತ್ರಿಯ ಬೆಳಕು. ಇಷ್ಟೆಲ್ಲ ಕಷ್ಟಪಟ್ಟೂ ನಿದ್ದೆ ಇನ್ನಷ್ಟು ಮುಂದೆ ಹೋಯಿತಲ್ಲ ಎಂದು ಅವರು ಕಂಗಾಲಾಗುತ್ತಾರೆ.

ಏನೇನು ಬೇಕು

ದುಬಾರಿಯದೇನೂ ಬೇಡ. ಗೋಡೆಯ ಕ್ಯಾಲೆಂಡರು, ಒಂದು ಪೆನ್ನು. ಫೋನಲ್ಲದ ಒಂದು ಅಲಾರಂ ಗಡಿಯಾರ. ಹಳದಿ ಬೆಳಕಿನ ಒಂದು ಸಣ್ಣ ಎಲ್‌ಇಡಿ ಬಲ್ಬು, 3ರಿಂದ 5 ವ್ಯಾಟಿನದು. ಅದರ ಡಬ್ಬಿಯ ಮೇಲೆ 2700ಕೆ ಅಥವಾ 3000ಕೆ ಎಂದಿರಲಿ. ಈ "ಕೆ" ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ಸಂಖ್ಯೆ ಕಡಿಮೆಯಿದ್ದಷ್ಟೂ ಬೆಳಕು ಹಳದಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಬೆಳ್ಳಗಿನ ಬಲ್ಬು, ಟ್ಯೂಬ್‌ಲೈಟುಗಳು 6500ಕೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಮೂರು ವಾರ ಬೇಕು, ಅದಕ್ಕೂ ಮುಂಚೆ ಬರೆದಿಡಲು ಎರಡು ವಾರ. ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಮನೆಯಲ್ಲಿ ಮದುವೆ ಇರುವಾಗ ಶುರು ಮಾಡಬೇಡಿ.

1. ಎರಡು ವಾರ ಬರೆದಿಡಿ

ಏನನ್ನೂ ಬದಲಿಸದೆ ಬರೀ ಬರೆಯಿರಿ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಎರಡೇ ಸಂಖ್ಯೆ: ನಿದ್ದೆ ಹತ್ತಿದ ಹೊತ್ತು, ಎಚ್ಚರವಾದ ಹೊತ್ತು. ಹಾಸಿಗೆಗೆ ಹೋದ ಹೊತ್ತಲ್ಲ, ನಿದ್ದೆ ಹತ್ತಿದ ಹೊತ್ತು. ಅಂದಾಜು ಸಾಕು. ಅಲಾರಂ ಇಲ್ಲದೆ ಎದ್ದ ದಿನಕ್ಕೆ ಒಂದು ಸುತ್ತು ಹಾಕಿ.

ಆಮೇಲೆ ನಿದ್ದೆಯ ನಡುಬಿಂದು ಹುಡುಕಿ, ಅಂದರೆ ನಿದ್ದೆಯ ಆರಂಭಕ್ಕೂ ಕೊನೆಗೂ ಸರಿ ಮಧ್ಯದ ಹೊತ್ತು. ಒಂದು ಉದಾಹರಣೆ: ಕೆಲಸದ ಐದು ದಿನ 12:30ಕ್ಕೆ ನಿದ್ದೆ, 6:30ಕ್ಕೆ ಅಲಾರಂ, ನಡುಬಿಂದು 3:30. ರಜೆಯ ಎರಡು ದಿನ 2ಕ್ಕೆ ನಿದ್ದೆ, 10ಕ್ಕೆ ಎಚ್ಚರ, ನಡುಬಿಂದು 6:00. ಎರಡರ ನಡುವಿನ ಅಂತರ ಎರಡೂವರೆ ಗಂಟೆ. ಇದನ್ನು ಸಾಮಾಜಿಕ ಜೆಟ್ ಲ್ಯಾಗ್ ಎನ್ನುತ್ತಾರೆ. ವಿಮಾನ ಹತ್ತದೆಯೇ ದೇಹ ಬೇರೆ ದೇಶದ ಗಡಿಯಾರಕ್ಕೆ ಹೋಗಿ ಬರುವುದು. ನಮಗೂ ಸಿಂಗಪುರಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಎರಡೂವರೆ ಗಂಟೆ. ಪ್ರತಿ ವಾರಾಂತ್ಯ ಅಷ್ಟು ದೂರ ಹೋಗಿ ಬಂದವರಿಗೆ ಸೋಮವಾರ ಬೆಳಗ್ಗೆ ತಲೆ ಭಾರವಾಗದೆ ಇನ್ನೇನಾಗುತ್ತದೆ?

ರಜೆಯ ನಿದ್ದೆಯಲ್ಲಿ ವಾರದ ಬಾಕಿಯೂ ಸೇರಿರುತ್ತದೆ, ಅದನ್ನು ಕಳೆಯಬೇಕು. ಮೇಲಿನ ಉದಾಹರಣೆಯಲ್ಲಿ ಏಳು ದಿನದ ಒಟ್ಟು ನಿದ್ದೆ 46 ಗಂಟೆ, ಸರಾಸರಿ 6 ಗಂಟೆ 34 ನಿಮಿಷ. ರಜೆಯಲ್ಲಿ ಮಲಗಿದ್ದು 8 ಗಂಟೆ, ಹೆಚ್ಚುವರಿ 86 ನಿಮಿಷ. ಅದರ ಅರ್ಧ 43 ನಿಮಿಷವನ್ನು 6:00ರಿಂದ ಕಳೆದರೆ 5:17. ನಿಮ್ಮ ದೇಹದ ನಿಜವಾದ ನಡುಬಿಂದು ಇದು. ಈ ಸಂಖ್ಯೆ ಮೂರರ ಆಸುಪಾಸು ಅಥವಾ ಅದಕ್ಕೂ ಮೊದಲಿದ್ದರೆ ನೀವು ಬೆಳಗಿನವರು. ಐದು ದಾಟಿದ್ದರೆ ರಾತ್ರಿಯ ಕಡೆಯವರು. ನಡುವೆ ಇರುವವರೇ ಹೆಚ್ಚು ಮಂದಿ. ನಡುವಿನವರಾಗಿದ್ದೂ ಎರಡಕ್ಕೆ ಮಲಗುತ್ತಿದ್ದರೆ ಕಾರಣ ಹುಟ್ಟಲ್ಲ, ಮನೆಯ ದೀಪ ಮತ್ತು ಫೋನು. ಅಂಥವರಿಗೆ ಈ ಕೆಲಸ ಬಹಳ ಸುಲಭ.

2. ಗುರಿಯನ್ನು ಹತ್ತಿರ ಇಡಿ

ದೊಡ್ಡವರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಏಳಬೇಕಾದ ಹೊತ್ತಿನಿಂದ ಏಳೂವರೆ ಗಂಟೆ ಹಿಂದಕ್ಕೆ ಎಣಿಸಿ. 6:30ಕ್ಕೆ ಏಳಬೇಕಾದರೆ ರಾತ್ರಿ 11ಕ್ಕೆ ನಿದ್ದೆ ಹತ್ತಿರಬೇಕು. ಇದು ರಾತ್ರಿಯವರಿಗೆ ಕೈಗೆಟುಕುವ ಗುರಿ.

"ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು" ಎಂದು ಬರೆಯುವವರೂ ಇದ್ದಾರೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು. ಬೆಂಗಳೂರಿನಲ್ಲಿ ಜೂನ್ ತಿಂಗಳಾದರೆ ನಾಲ್ಕೂಕಾಲರ ಸುಮಾರು. ಆಗ ಏಳಬೇಕಾದರೆ ಒಂಬತ್ತರೊಳಗೆ ನಿದ್ದೆ ಹತ್ತಿರಬೇಕು, ಏಳಕ್ಕೆ ಮನೆಯ ದೀಪಗಳು ಮಂದವಾಗಿರಬೇಕು. ಮನೆಯವರೆಲ್ಲ ಹಾಗೆ ಬದುಕುತ್ತಿದ್ದರೆ ಸರಿ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವುದು ಸಾಧನೆಯಲ್ಲ, ದಿನಾ ಎರಡೂವರೆ ಗಂಟೆ ನಿದ್ದೆಯನ್ನು ಸಾಲ ಮಾಡುವುದು.

3. ಏಳುವ ಹೊತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ

ನಿಮ್ಮ ಹೊತ್ತು ನಿಮ್ಮ ಕೈಯಲ್ಲಿದ್ದರೆ, ಅಂದರೆ ರಜೆಯಲ್ಲಿರುವ ವಿದ್ಯಾರ್ಥಿಗಳು ಅಥವಾ ಮನೆಯಿಂದಲೇ ಕೆಲಸ ಮಾಡುವವರಾಗಿದ್ದರೆ, ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಇಳಿಸಿ. ಈಗ 9ಕ್ಕೆ ಏಳುತ್ತಿದ್ದರೆ ಲೆಕ್ಕ ಹೀಗೆ:

ದಿನ 1ರಿಂದ 3: 8:30
ದಿನ 4ರಿಂದ 6: 8:00
ದಿನ 7ರಿಂದ 9: 7:30
ದಿನ 10ರಿಂದ 12: 7:00
ದಿನ 13ರಿಂದ 15: 6:30

ಹೀಗೆ ನಿಧಾನವಾಗಿ ಇಳಿದರೆ ತಿರುವಿನ ಹೊತ್ತೂ ನಿಮ್ಮ ಜೊತೆಗೇ ಇಳಿಯುತ್ತದೆ. ಬೆಳಗಿನ ಬೆಳಕು ಯಾವಾಗಲೂ ಸರಿಯಾದ ಕಡೆಗೇ ಎಳೆಯುತ್ತದೆ. ಒಂದು ಮೆಟ್ಟಿಲಿನಲ್ಲಿ ಮೂರು ದಿನವಾದರೂ ಮೈ ಒಗ್ಗದಿದ್ದರೆ ಇನ್ನೆರಡು ದಿನ ಅಲ್ಲೇ ನಿಲ್ಲಿ. ಎರಡು ಮೆಟ್ಟಿಲು ಒಟ್ಟಿಗೆ ಹಾರಬೇಡಿ.

ಕೆಲಸದ ದಿನ ಹೇಗೂ 6:30ಕ್ಕೆ ಅಲಾರಂ ಹೊಡೆಯುತ್ತದೆ ಅನ್ನುವವರ ದಾರಿ ಬೇರೆ. ನೀವು ಇಳಿಸಬೇಕಾದದ್ದು ರಜೆಯ ದಿನದ ಹೊತ್ತು. ಮೊದಲ ವಾರಾಂತ್ಯ 10ರ ಬದಲು 9:15, ಎರಡನೆಯದು 8:30, ಮೂರನೆಯದು 7:30. ಕೊನೆಗೆ ಕೆಲಸದ ದಿನಕ್ಕೂ ರಜೆಗೂ ಅಂತರ ಒಂದು ಗಂಟೆ ದಾಟಬಾರದು. ರಜೆಯ ಎರಡೂ ದಿನ ಬೆಳಗ್ಗೆ ಹತ್ತರವರೆಗೆ ಮಲಗಿದರೆ ಐದು ದಿನ ತಿದ್ದಿದ ಗಡಿಯಾರ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಕೂರುತ್ತದೆ. ಭಾನುವಾರ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆಯುವವರ ಕಾರಣ ನೂರಕ್ಕೆ ತೊಂಬತ್ತು ಪಾಲು ಭಾನುವಾರ ಬೆಳಗ್ಗೆಯಲ್ಲೇ ಇರುತ್ತದೆ.

ಅಲಾರಂ ವಿಷಯದಲ್ಲಿ ಒಂದು ಮಾತು. ಒಂಬತ್ತು ಒಂಬತ್ತು ನಿಮಿಷಕ್ಕೆ ಮತ್ತೆ ಹೊಡೆಯುವಂತೆ ಇಟ್ಟುಕೊಂಡರೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಅರ್ಧ ಗಂಟೆ ವ್ಯರ್ಥ. ಒಂದೇ ಅಲಾರಂ, ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ನಡೆದರೆ ಮಾತ್ರ ಕೈಗೆ ಸಿಗುವ ಜಾಗದಲ್ಲಿ. ಎದ್ದ ಮೊದಲ ಹದಿನೈದು ಇಪ್ಪತ್ತು ನಿಮಿಷದ ಮಂಪರು ಎಲ್ಲರಿಗೂ ಸಹಜ, ರಾತ್ರಿಯವರಿಗೆ ಇನ್ನೂ ಸ್ವಲ್ಪ ಹೆಚ್ಚು. ಆ ಮಂಪರಿನಲ್ಲಿ "ಇವತ್ತು ಬೇಡ" ಎಂದು ತೀರ್ಮಾನ ಮಾಡಬೇಡಿ. ಮುಖ ತೊಳೆದ ಮೇಲೆ ಯೋಚಿಸಿ.

4. ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಹೋಗಿ

ಇಡೀ ವಿಧಾನದ ಬೆನ್ನೆಲುಬು ಈ ಹಂತ. ಉಳಿದದ್ದರಲ್ಲಿ ಸಡಿಲ ಬಿಟ್ಟರೂ ಇದನ್ನು ಬಿಡಬೇಡಿ.

ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕೆಂದು ಇರುವ ಕೋಶಗಳಲ್ಲದೆ, ಹಗಲೋ ರಾತ್ರಿಯೋ ಎಂದು ಗಡಿಯಾರಕ್ಕೆ ವರದಿ ಮಾಡುವ ಬೇರೆ ಕೋಶಗಳೂ ಇವೆ. ಇವು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತವೆ, ಆದರೆ ಇವಕ್ಕೆ ತುಂಬಾ ಬೆಳಕು ಬೇಕು, ತುಂಬಾ ಹೊತ್ತು ಬೇಕು. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ 100ರಿಂದ 300 ಲಕ್ಸ್. ಮೋಡ ಕವಿದ ದಿನ ಬಯಲಿನಲ್ಲಿ ಕೆಲವು ಸಾವಿರ. ಮೋಡವಿಲ್ಲದ ಬೆಳಗ್ಗೆ 10,000 ದಾಟುತ್ತದೆ. ನಡುಹಗಲಿನ ನೇರ ಬಿಸಿಲು ಒಂದು ಲಕ್ಷದ ಹತ್ತಿರ. ನಮ್ಮ ಕಣ್ಣು ಬೇಗ ಹೊಂದಿಕೊಂಡುಬಿಡುವುದರಿಂದ ಒಳಗೂ ಹೊರಗೂ ಇಷ್ಟು ಅಜಗಜಾಂತರ ಇದೆಯೆಂದು ನಮಗೆ ಗೊತ್ತೇ ಆಗುವುದಿಲ್ಲ. "ಎದ್ದ ಕೂಡಲೇ ಲೈಟ್ ಹಾಕ್ತೀನಿ, ಕಿಟಕಿ ತೆಗೀತೀನಿ" ಅಂದರೆ ಸಾಲದು. ಕಿಟಕಿಯಿಂದ ಎರಡು ಮೂರು ಮೀಟರು ಒಳಗೆ ಬಂದರೆ ಬೆಳಕು ಹತ್ತಾರು ಪಟ್ಟು ಇಳಿದಿರುತ್ತದೆ.

ಆದ್ದರಿಂದ 30 ನಿಮಿಷ ಹೊರಗೆ. ಮಳೆ ಮೋಡದ ದಿನ 45ರಿಂದ 60 ನಿಮಿಷ. ಮಲೆನಾಡು, ಕರಾವಳಿಯ ಆಷಾಢ ಶ್ರಾವಣದಲ್ಲಿ ಜಗಲಿಯ ಅಂಚಿನಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತರೂ ಆದೀತು. ನಡೆಯಲೇಬೇಕೆಂದಿಲ್ಲ. ಹಾಲು ತರುವುದು, ರಂಗೋಲಿ ಹಾಕುವುದು, ತಾರಸಿಯ ಕುಂಡಗಳಿಗೆ ನೀರು ಹಾಕುವುದು, ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ಪೇಪರ್ ಓದುವುದು, ಎಲ್ಲವೂ ನಡೆಯುತ್ತದೆ. ಕಪ್ಪು ಕನ್ನಡಕ ಬೇಡ. ದೃಷ್ಟಿಯ ಕನ್ನಡಕ ಇರಲಿ. ಸೂರ್ಯನನ್ನು ನೇರವಾಗಿ ನೋಡಬೇಡಿ, ಅದರ ಅಗತ್ಯವಿಲ್ಲ, ಕಣ್ಣಿಗೆ ಹಾನಿ.

ಕೆಲಸದ ದಿನ 6:30ಕ್ಕೆ ಏಳುವ, ಆದರೆ ದೇಹದ ತಿರುವು ಇನ್ನೂ ಏಳೂವರೆಯಲ್ಲಿರುವ ಮಂದಿ ಮೊದಲ ವಾರ ಒಂದು ಎಚ್ಚರಿಕೆ ವಹಿಸಿ. ತಿರುವಿಗೆ ಮೊದಲು ಬಸ್ಸು, ಸ್ಕೂಟರಿನಲ್ಲಿ ಹೋಗುವಾಗ ಕಪ್ಪು ಕನ್ನಡಕ ಹಾಕಿ. ಎಂಟೂವರೆಯ ನಂತರ ಅದನ್ನು ತೆಗೆದು ಅರ್ಧ ಗಂಟೆ ಬಿಸಿಲಿಗೆ ಮುಖ ಕೊಡಿ. ಎರಡನೇ ವಾರ ಈ ಹೊತ್ತನ್ನು ಒಂದು ಗಂಟೆ ಹಿಂದಕ್ಕೆ ತನ್ನಿ. ಮೂರನೇ ವಾರ ಕನ್ನಡಕ ಬೇಡ.

ಸೂರ್ಯೋದಯದ ಹೊತ್ತನ್ನೂ ನೋಡಿಕೊಳ್ಳಿ, ಪಂಚಾಂಗದಲ್ಲಿ ಇರುತ್ತದೆ. ಬೆಂಗಳೂರಿನಲ್ಲಿ ಜೂನ್ ಆರಂಭದಲ್ಲಿ ಸುಮಾರು 5:50, ಜನವರಿ ಕೊನೆಯಲ್ಲಿ ಸುಮಾರು 6:45. ಮಂಗಳೂರಿನಲ್ಲಿ ಅದಕ್ಕಿಂತ ಹತ್ತು ಹನ್ನೊಂದು ನಿಮಿಷ ತಡ. ಚಳಿಗಾಲದಲ್ಲಿ 6ಕ್ಕೆ ಎದ್ದರೆ ಹೊರಗೆ ಇನ್ನೂ ನಸುಕು. ಆಗ ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು ಕೆಲಸ ಮಾಡಿ, ಬೆಳಕಾದ ಮೇಲೆ ಹೊರಗೆ ಹೋಗಿ.

ಬೆಳಕಿಗೆ ಎಷ್ಟು ಬಲ ಇದೆ ಎಂಬುದಕ್ಕೆ ಅಮೆರಿಕದ ಕೊಲರಾಡೊದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಎಂಟು ಜನರನ್ನು ಒಂದು ವಾರ ಬೆಟ್ಟದ ಮೇಲೆ ಡೇರೆಯಲ್ಲಿ ಇಟ್ಟರು. ಬಿಸಿಲು ಮತ್ತು ರಾತ್ರಿಯ ಬೆಂಕಿ ಬಿಟ್ಟರೆ ಬೇರೆ ಬೆಳಕಿಲ್ಲ, ಫೋನಿಲ್ಲ. ವಾರದ ಕೊನೆಗೆ ಅವರ ಒಳಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಬಂದಿತ್ತು. ಹೆಚ್ಚು ಸರಿದದ್ದು ತಡವಾಗಿ ಮಲಗುತ್ತಿದ್ದವರದೇ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ತಾವಾಗಿಯೇ ಬೇಗ ಏಳುವುದಕ್ಕೂ ಒಂದು ಕಾರಣ ಇದೇ. ಮುಖದ ಮೇಲೆ ನೇರ ಮುಂಜಾವಿನ ಬೆಳಕು.

5. ಸಂಜೆಯ ನಂತರ ಬೆಳಕನ್ನು ಇಳಿಸಿ

ಮಲಗುವ ಗುರಿಗೆ ಎರಡು ಗಂಟೆ ಮೊದಲು ಮೇಲ್ಛಾವಣಿಯ ಬಿಳಿ ದೀಪ ಆರಿಸಿ, ಹಳದಿ ಬಲ್ಬು ಹಾಕಿ. ಅದು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಬೆಳಗ್ಗೆ ಒಳ್ಳೆಯದು ಮಾಡುವ ಬೆಳಕೇ ರಾತ್ರಿ ಹತ್ತಕ್ಕೆ ಮೆಲಟೋನಿನ್ನನ್ನು ತಡೆದು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ.

ಎಲ್ಲ ಸರಿಯಾಗಿ ಮಾಡಿ ಕೊನೆಯಲ್ಲಿ ಎಡವುವ ಜಾಗ ಬಚ್ಚಲು. ಹಲ್ಲುಜ್ಜಲು ಹೋಗಿ, ಕನ್ನಡಿಯ ಮೇಲಿನ ಜಗಮಗ ದೀಪದ ಕೆಳಗೆ ಐದು ನಿಮಿಷ ನಿಲ್ಲುತ್ತೀರಿ, ಅದೂ ಮಲಗುವ ಹೊತ್ತಿಗೆ. ಊಟವಾದ ಕೂಡಲೇ ಹಲ್ಲುಜ್ಜಿ ಮುಗಿಸಿ, ಅಥವಾ ಬಚ್ಚಲಿಗೂ ಹಳದಿ ಬಲ್ಬು ಹಾಕಿ.

ಫೋನಿನ ಪರದೆ ಹಳದಿ ಮಾಡಿಕೊಂಡರೆ ಸಾಕು ಎನ್ನುವುದು ಅರ್ಧ ಸತ್ಯ. ಬಣ್ಣಕ್ಕಿಂತ ಪ್ರಖರತೆ ಮುಖ್ಯ, ಅದನ್ನು ಕೆಳಗಿನ ಮಟ್ಟಕ್ಕೆ ಇಳಿಸಿ. ಅದಕ್ಕಿಂತಲೂ ಮುಖ್ಯ ಏನು ನೋಡುತ್ತಿದ್ದೀರಿ ಎಂಬುದು. ಒಂದರ ಹಿಂದೆ ಒಂದು ತಾನಾಗಿ ಬರುವ ಚುಟುಕು ವಿಡಿಯೋಗಳಿಗೆ ಕೊನೆಯೇ ಇಲ್ಲ. ಕೊನೆ ಇರುವ ಯಾವುದಾದರೂ ಆದೀತು: ಒಂದು ಕಥೆ, ಒಂದು ಅಧ್ಯಾಯ, ರೇಡಿಯೋದ ಒಂದು ಕಾರ್ಯಕ್ರಮ. ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಬಂದರೆ ಜಗಳವೇ ಇಲ್ಲ. ಬೇರೆ ಅಲಾರಂ ಗಡಿಯಾರ ತನ್ನಿ ಎಂದಿದ್ದು ಇದಕ್ಕೇ.

6. ಕಾಫಿ, ಊಟ, ಸ್ನಾನ

ಕಾಫಿಯಲ್ಲಿರುವ ಕೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ 10ಕ್ಕೆ 50, ಬೆಳಗಿನ ಜಾವ 3ಕ್ಕೂ 25 ಉಳಿದಿರುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಕೂಡುತ್ತಾ ಹೋಗುವ, ನಿದ್ದೆಯ ಒತ್ತಡ ಹುಟ್ಟಿಸುವ ಅಡೆನೋಸಿನ್ ಎಂಬ ವಸ್ತುವಿನ ದಾರಿಗೆ ಕೆಫೀನ್ ಅಡ್ಡ ನಿಲ್ಲುತ್ತದೆ. ಹನ್ನೊಂದಕ್ಕೆ ಮಲಗುವವರ ಕೊನೆಯ ಕಾಫಿ ಮಧ್ಯಾಹ್ನ 2ರೊಳಗೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಉಳಿಯುತ್ತದೆ. ಅವರು ಬೆಳಗಿನ ಕಾಫಿಗೇ ನಿಲ್ಲಿಸುವುದು ಕ್ಷೇಮ.

ಪುಡಿಯ ಮಿಶ್ರಣವೂ ಲೆಕ್ಕಕ್ಕೆ ಬರುತ್ತದೆ. ರೋಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಸಂಜೆ ಲೋಟ ಹಿಡಿಯದೆ ಇರಲಾರೆ ಎನ್ನುವವರಿಗೆ ಧನಿಯಾ ಜೀರಿಗೆಯ ಕಷಾಯ ಒಳ್ಳೆಯ ದಾರಿ, ಹಾಲು ಬೆಲ್ಲ ಹಾಕಿಯೇ ಕುಡಿಯಿರಿ.

ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮೊದಲು ಮುಗಿಯಲಿ. ಊಟದ ಹೊತ್ತು ಮಿದುಳಿನ ಮುಖ್ಯ ಗಡಿಯಾರವನ್ನು ಅಷ್ಟಾಗಿ ಸರಿಸುವುದಿಲ್ಲ. ಆದರೆ ಪಿತ್ತಜನಕಾಂಗದಂಥ ಅಂಗಗಳಿಗೆ ತಮ್ಮದೇ ಗಡಿಯಾರಗಳಿವೆ, ಅವು ಊಟವನ್ನು ನೋಡಿ ನಡೆಯುತ್ತವೆ. ಎದ್ದ ಒಂದು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಹಾಕಿ. ರಾತ್ರಿಯವರಿಗೆ ಬೆಳಗ್ಗೆ ಹಸಿವಾಗುವುದಿಲ್ಲ. ಒಂದು ಇಡ್ಲಿ, ಒಂದು ಬಾಳೆಹಣ್ಣಿನಿಂದ ಶುರು ಮಾಡಿದರೆ ಎರಡನೇ ವಾರಕ್ಕೆ ಹಸಿವು ತಾನಾಗಿ ಬರುತ್ತದೆ.

ಮಲಗುವ ಒಂದರಿಂದ ಎರಡು ಗಂಟೆ ಮೊದಲು ಹತ್ತು ನಿಮಿಷ ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ. ಕೈಕಾಲಿಗೆ ರಕ್ತ ಹರಿದು, ಆಮೇಲೆ ಒಳಮೈ ತಣಿಯುತ್ತದೆ. ಸ್ನಾನ ಮಾಡಿದ ಕೂಡಲೇ ಮಲಗಿದರೆ ಈ ಲಾಭ ಇಲ್ಲ.

ಹಗಲು ತೂಕಡಿಕೆ ತಡೆಯದಿದ್ದರೆ 20 ನಿಮಿಷ, ಮಧ್ಯಾಹ್ನ 3ರೊಳಗೆ. ಸಂಜೆ ಬಸ್ಸಿನಲ್ಲಿ ಬರುವಾಗ ಹಾಕುವ ಜೊಂಪು ರಾತ್ರಿಯ ನಿದ್ದೆಯ ಬಂಡವಾಳವನ್ನೇ ತಿಂದುಹಾಕುತ್ತದೆ.

7. ಮಲಗುವ ಹೊತ್ತು ತಾನಾಗಿ ಬರಲಿ

ಏಳುವ ಹೊತ್ತನ್ನು ಇಳಿಸಿದ ದಿನವೇ ಮಲಗುವ ಹೊತ್ತು ಇಳಿಯುವುದಿಲ್ಲ, ಎರಡು ಮೂರು ದಿನ ಹಿಂದೆ ಬೀಳುತ್ತದೆ. ಆ ದಿನಗಳಲ್ಲಿ ನಿದ್ದೆ ಕೊಂಚ ಕಡಿಮೆಯಾಗುತ್ತದೆ, ಆ ಕೊರತೆಯೇ ಮುಂದಿನ ರಾತ್ರಿ ನಿದ್ದೆಯನ್ನು ಬೇಗ ತರುತ್ತದೆ. ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಮೈ ದಣಿದಿರುವುದು ಬೇರೆ, ಕಣ್ಣು ಎಳೆಯುವುದು ಬೇರೆ.

ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಬಟ್ಟೆ ಮಡಚುವಂಥ ಸಪ್ಪೆ ಕೆಲಸ ಮಾಡಿ. ಮತ್ತೆ ಕಣ್ಣು ಎಳೆದಾಗ ಬನ್ನಿ. ಗಡಿಯಾರ ನೋಡಬೇಡಿ. "ಇನ್ನು ಐದೇ ಗಂಟೆ ಉಳಿಯಿತು" ಎಂಬ ಲೆಕ್ಕ ಶುರುವಾದರೆ ಇದ್ದ ನಿದ್ದೆಯೂ ಹಾರಿಹೋಗುತ್ತದೆ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಈ ವಾರಗಳಲ್ಲಿ ನಿದ್ದೆಗೆಟ್ಟ ದಿನ ದೂರದ ದಾರಿಗೆ ನೀವೇ ಗಾಡಿ ಓಡಿಸಬೇಡಿ.

8. ರಾತ್ರಿ ತಪ್ಪಿದಾಗ

ಶಿವರಾತ್ರಿಯ ಜಾಗರಣೆ, ಬೆಳಗಿನವರೆಗಿನ ಯಕ್ಷಗಾನ, ಹನ್ನೊಂದೂವರೆಗೆ ಮುಗಿಯುವ ಐಪಿಎಲ್ ಪಂದ್ಯ, ಊರಿನಿಂದ ಬರುವ ರಾತ್ರಿ ಬಸ್ಸು. ಬದುಕಿನಲ್ಲಿ ಇವು ಇರಲೇಬೇಕು. ಮರುದಿನ ಎಂದಿನ ಹೊತ್ತಿಗಿಂತ ಹೆಚ್ಚೆಂದರೆ ಒಂದು ಗಂಟೆ ತಡವಾಗಿ ಎದ್ದು ಬೆಳಕಿಗೆ ಹೋಗಿ, ಮಧ್ಯಾಹ್ನ ಅರ್ಧ ಗಂಟೆ ಮಲಗಿ. ಇಡೀ ರಾತ್ರಿ ಎಚ್ಚರವಿದ್ದರೆ ಬೆಳಗ್ಗೆ ಒಂದೂವರೆ ಗಂಟೆ ಮಲಗಿ ಎದ್ದುಬಿಡಿ, ಉಳಿದದ್ದನ್ನು ಆ ರಾತ್ರಿಗೆ ಬಿಡಿ. ಸತತ ಎರಡು ರಾತ್ರಿ ತಪ್ಪದಿದ್ದರೆ ಸಾಕು.

ಯಾರಿಗೆ ಈ ವಿಧಾನ ಹೊಂದುವುದಿಲ್ಲ

ಹದಿಹರೆಯದವರ ಗಡಿಯಾರ ಸಹಜವಾಗಿಯೇ ಮುಂದಕ್ಕೆ ಸರಿಯುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡವಾಗಿರುತ್ತದೆ, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಬರುತ್ತದೆ. ಅವರಿಗೆ 8ರಿಂದ 10 ಗಂಟೆ ನಿದ್ದೆಯೂ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಪ್ರೌಢಶಾಲೆಗಳು 8:30ಕ್ಕೆ ಮುಂಚೆ ಶುರುವಾಗಬಾರದು ಎಂದು ಹೇಳಿತು. ಹನ್ನೆರಡರವರೆಗೆ ಓದಿದ ಮಗುವನ್ನು ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕಲಿತದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಬೆಳಕಿನ ಹಂತಗಳನ್ನು ಮಕ್ಕಳಿಗೂ ಮಾಡಿಸಿ, ಆದರೆ ಗುರಿ ಒಂದು ಗಂಟೆಗಿಂತ ಹೆಚ್ಚು ಬೇಡ.

ರಾತ್ರಿ ಪಾಳಿಯವರು ಪಾಳಿ ಮುಗಿಯುವವರೆಗೆ ಇದನ್ನು ಮಾಡಬೇಡಿ. ಬೆಳಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ, ಕೋಣೆಗೆ ದಪ್ಪ ಪರದೆ, ರಜೆಯ ದಿನವೂ ಕೆಲಸದ ದಿನದ ನಿದ್ದೆಯ ಜೊತೆ ನಾಲ್ಕು ಗಂಟೆಯಾದರೂ ಹೊಂದುವಂತೆ ಮಲಗುವುದು, ನಿಮಗೆ ಇವು ಮುಖ್ಯ.

ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗುವ ಹಿರಿಯರು ಇದನ್ನು ತಿರುಗುಮುರುಗಾಗಿ ಮಾಡಬೇಕು. ವಾಕಿಂಗ್ ಸಂಜೆ 5ರಿಂದ 6:30ರ ಬಿಸಿಲಿನಲ್ಲಿ, ರಾತ್ರಿ ಎಂಟಕ್ಕೆ ಟಿವಿ ಮುಂದೆ ತೂಕಡಿಸದಂತೆ ಮನೆಯವರ ಜೊತೆ ಮಾತುಕತೆ, ಬೆಳಗಿನ ಜಾವ ಎದ್ದರೆ ಮಂದ ದೀಪ ಮಾತ್ರ.

ಬೈಪೋಲಾರ್ ಕಾಯಿಲೆ, ಅಂದರೆ ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಮನೋರೋಗ ಇರುವವರು ವೈದ್ಯರನ್ನು ಕೇಳದೆ ನಿದ್ದೆ ಕಡಿಮೆ ಮಾಡಬಾರದು, 10,000 ಲಕ್ಸ್‌ನ ದೀಪದ ಪೆಟ್ಟಿಗೆ ಬಳಸಬಾರದು. ಉನ್ಮಾದ ಕೆರಳಬಹುದು. ಕಣ್ಣಿನ ಹಿಂಪರದೆಯ ಕಾಯಿಲೆ ಇರುವವರೂ ಮೊದಲು ವೈದ್ಯರನ್ನು ಕೇಳಿ.

ಮೆಲಟೋನಿನ್ ಮಾತ್ರೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ನಿದ್ದೆಗುಳಿಗೆಯಲ್ಲ, ಗಡಿಯಾರಕ್ಕೆ ಕೊಡುವ ಸೂಚನೆ. ಗಡಿಯಾರ ಸರಿಸಲು ಅರ್ಧ ಮಿಲಿಗ್ರಾಂನಂಥ ಸಣ್ಣ ಪ್ರಮಾಣ ಸಾಕಾಗುತ್ತದೆ, ಅದೂ ಈಗ ನಿದ್ದೆ ಹತ್ತುವ ಹೊತ್ತಿಗೆ ನಾಲ್ಕೈದು ಗಂಟೆ ಮೊದಲು. ಮಲಗುವ ಹೊತ್ತಿಗೆ 5, 10 ಮಿಲಿಗ್ರಾಂ ನುಂಗುವುದರಿಂದ ಬೆಳಗ್ಗೆ ಮಂಪರು ಹೆಚ್ಚಬಹುದು. ವೈದ್ಯರು ಹೇಳದೆ ಬೇಡ, ಗರ್ಭಿಣಿಯರಿಗೂ ಮಕ್ಕಳಿಗೂ ನೀವಾಗಿ ಕೊಡಲೇಬೇಡಿ.

ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುವವರು ನಿದ್ದೆಯ ತೊಂದರೆ ನೋಡುವ ವೈದ್ಯರ ಬಳಿ ಹೋಗಿ. ಅಲ್ಲಿರುವ ದೋಷ ಗಡಿಯಾರದ್ದಲ್ಲ. ನಾಲ್ಕು ವಾರ ಎಲ್ಲ ಹಂತ ಬಿಡದೆ ಮಾಡಿಯೂ ಎರಡಕ್ಕೆ ಮೊದಲು ನಿದ್ದೆ ಹತ್ತದೆ, ತಮ್ಮ ಪಾಡಿಗೆ ಬಿಟ್ಟರೆ ಮಾತ್ರ ಚೆನ್ನಾಗಿ ಮಲಗುವವರೂ ಹೋಗಿ. ಅದಕ್ಕೆ ತಡನಿದ್ದೆಯ ದೋಷ ಎಂಬ ಹೆಸರೇ ಇದೆ, ಚಿಕಿತ್ಸೆಯೂ ಇದೆ. ಹೋಗುವಾಗ ಆ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಉಳಿದವರು ನಾಲ್ಕನೇ ವಾರದ ಒಂದು ರಜೆಯ ದಿನ ಅಲಾರಂ ಇಡದೆ ಮಲಗಿ, ಎದ್ದ ಮೇಲೆ ನಡುಬಿಂದು ಮತ್ತೆ ಲೆಕ್ಕ ಹಾಕಿ. 5:17 ಇದ್ದದ್ದು ನಾಲ್ಕರ ಹತ್ತಿರ ಬಂದಿದ್ದರೆ ಗಡಿಯಾರ ನಿಜಕ್ಕೂ ಸರಿದಿದೆ. ಐದರಲ್ಲೇ ನಿಂತಿದ್ದರೆ, ಅಂದರೆ ಏಳುವ ಹೊತ್ತು ಮಾತ್ರ ಬದಲಾಗಿ ಒಳಗಿನದು ಬದಲಾಗಿಲ್ಲವಾದರೆ, ಮೊದಲು ನೋಡಬೇಕಾದದ್ದು ರಾತ್ರಿ ಒಂಬತ್ತರ ನಂತರ ಮನೆಯಲ್ಲಿ ಎಷ್ಟು ಬಿಳಿ ದೀಪ ಉರಿಯುತ್ತಿದೆ ಎಂಬುದನ್ನು. ಆಮೇಲೆ ಭಾನುವಾರದ ಚೌಕ.